ಚೊಂಬಿನೊಳಗಿನ ಬೆಣಚುಕಲ್ಲು

ತನುಜ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಎದುರಿಗೆ ಹಿತ್ತಾಳೆ ಚೊಂಬು. ಅದರಲ್ಲಿ ಮುಕ್ಕಾಲು ಭಾಗ ಕೆಂಪು ಮಣ್ಣು. ಲಂಗದ ಮಡಿಲಲ್ಲಿ ಒಂದು ಹಿಡಿ ಬಿಳಿ ಕಲ್ಲಿನ ಚೂರುಗಳು.

ಒಂದು ಚೂರು ತೆಗೆದು ಚೊಂಬಿಗೆ ಹಾಕಿದಳು. ಬೆರಳಿನಿಂದ ಮಣ್ಣು ಕಲಸಿದಳು. ಚೂರು ಮುಚ್ಚಿಹೋಯಿತು. ಇನ್ನೊಂದು ಹಾಕಿದಳು. ಅದನ್ನು ಸ್ವಲ್ಪ ಕಾಣುವ ಹಾಗೆ ಮೇಲೆಯೇ ಬಿಟ್ಟಳು.

ಅವಳ ಅಪ್ಪ ನರಸಿಂಹಪ್ಪ ಟಿವಿಎಸ್ ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಿದ್ದ. ಚಕ್ರಕ್ಕೆ ಮೆತ್ತಿದ್ದ ಮಣ್ಣನ್ನು ಕಡ್ಡಿಯಿಂದ ಬಿಡಿಸುತ್ತಿದ್ದ. ಮಗಳು ಮಾಡುವುದನ್ನು ನೋಡಿದ. ಮತ್ತೆ ಕಡ್ಡಿ ಹಿಡಿದ.

ಕಲ್ಲಿನ ಚೂರು ಚೊಂಬಿನ ಅಂಚಿಗೆ ತಾಗಿದಾಗ ಮಾತ್ರ ಸಣ್ಣಗೆ ಟಿಣ್ ಅನ್ನುತ್ತಿತ್ತು. ಬೇರೆ ಸದ್ದಿರಲಿಲ್ಲ.

"ತನೂ," ಒಳಗಿಂದ ಅಜ್ಜಿ ಕೂಗಿದಳು. "ಮಣ್ಣು ತಂದ್ಯೇನಮ್ಮ?"

ತನುಜ ಅಪ್ಪನ ಕಡೆ ನೋಡಿದಳು. ಅಪ್ಪ ಚಕ್ರವನ್ನೇ ನೋಡುತ್ತಿದ್ದ.

"ಹ್ಞೂಂ ಅಜ್ಜಿ."

"ಯಾವ ಮೂಲೇದು?"

"ಹೊಂಗೆ ಮರದ ಮೂಲೇದು."

"ಒಳ್ಳೇದಾಯ್ತು. ಅಲ್ಲಿ ಮಣ್ಣು ಮೆತ್ತಗಿರ್ತದೆ."

ತನುಜಳ ಕೈ ಚೊಂಬಿನಲ್ಲೇ ನಿಂತಿತು. ಹೊಂಗೆ ಮರ ಇಲ್ಲ. ಬುಡ ಸಹಿತ ಕಿತ್ತು ಹಾಕಿದ್ದಾರೆ. ಅದನ್ನು ಅವಳು ಈಗ ಒಂದು ಗಂಟೆಯ ಹಿಂದಷ್ಟೇ ನೋಡಿ ಬಂದಿದ್ದಳು.

ಅವತ್ತು ಫೆಬ್ರವರಿ ಎಂಟು, ಭಾನುವಾರ. ಅವರ ಕಾಲೊನಿಯಲ್ಲಿ ಅದು ಸರಪಳಿ ದಿನ. ಮಕ್ಕಳು ಅದನ್ನು ಚೈನ್ ಡೇ ಅನ್ನುತ್ತಿದ್ದರು. ಆ ದಿನ ಪಾಯಸ ಇರುತ್ತಿತ್ತು, ಮೈಕ್ ಸೆಟ್ ಇರುತ್ತಿತ್ತು.

ಅಜ್ಜಿ ಹೇಳುತ್ತಿದ್ದ ಕತೆ ತನುಜಳಿಗೆ ಬಾಯಿಪಾಠವಾಗಿತ್ತು. ಒಂದು ಕಾಲಕ್ಕೆ ಊರಿನ ಭೂಮಿಯೆಲ್ಲ ಒಂದೇ ಮನೆಯವರದಾಗಿತ್ತಂತೆ. ಕಾಲೊನಿಯವರು ಅವರ ಹೊಲದಲ್ಲಿ ದುಡಿಯುತ್ತಿದ್ದರಂತೆ. ಆಮೇಲೆ ಕಾನೂನು ಬಂತು. ಅಳತೆಯವರು ಕಬ್ಬಿಣದ ಉದ್ದನೆಯ ಸರಪಳಿ ತಂದರು. ಬೀಳು ಬಿದ್ದಿದ್ದ ಪೂರ್ವದ ಬಯಲನ್ನು ಇಪ್ಪತ್ತೆರಡು ತುಂಡು ಮಾಡಿ, ಕಾಲೊನಿಯ ಇಪ್ಪತ್ತೆರಡು ಮನೆಗೆ ಬರೆದುಕೊಟ್ಟರು.

"ಸರಪಳೀನ ಆ ತುದಿಯಿಂದ ಒಬ್ರು ಹಿಡಿಬೇಕಲ್ಲಮ್ಮ," ಅಜ್ಜಿ ಅನ್ನುವಳು. "ಊರೋರು ಒಬ್ರೂ ಬರ್ಲಿಲ್ಲ. ನಾನು ಆವಾಗಿನ್ನೂ ಹೊಸ ಮದುಮಗಳು. ನಿಮ್ಮ ತಾತ ದನ ಮೇಯಿಸೋಕೆ ಹೋಗಿದ್ರು. ನಾನೇ ಹೋಗಿ ಹಿಡ್ಕೊಂಡೆ. ಬಿಸಿಲಿಗೆ ಕಾದು ಕೈ ಸುಡ್ತಿತ್ತು. ಬಿಡ್ಲಿಲ್ಲ."

ಅಜ್ಜಿಯ ಹೆಸರು ಮುನಿಶಾಮಮ್ಮ. ಅವಳ ಪಾಲಿಗೆ ಬಂದದ್ದು ಏಳನೇ ತುಂಡು. ಅದಕ್ಕೆ ಎಲ್ಲರೂ ಬೆಣಚುಕಲ್ಲು ಹೊಲ ಅನ್ನುತ್ತಿದ್ದರು. ಮಣ್ಣಿಗಿಂತ ಬಿಳಿ ಕಲ್ಲೇ ಜಾಸ್ತಿ ಇತ್ತಂತೆ. ಅಜ್ಜಿ ತಾತ ಇಬ್ಬರೂ ಮಂಕರಿ ಹೊತ್ತು ಮೂರು ವರ್ಷ ಕಲ್ಲು ಆರಿಸಿದರಂತೆ. ಆ ಕಲ್ಲೆಲ್ಲ ಹೊಲದ ಮೂಲೆಯಲ್ಲಿ ಆಳೆತ್ತರದ ಗುಡ್ಡೆಯಾಗಿ ನಿಂತಿತ್ತು.

ತನುಜಳಿಗೆ ಆ ಕತೆಯಲ್ಲಿ ಇಷ್ಟವಾಗುತ್ತಿದ್ದದ್ದು ಗುಡ್ಡೆಯೊಂದೇ. ಸಣ್ಣವಳಿದ್ದಾಗ ಅದರ ಮೇಲೆ ಹತ್ತಿ ಕೂರುತ್ತಿದ್ದಳು. ಎರಡು ಕಲ್ಲು ಉಜ್ಜಿದರೆ ಕಿಡಿ ಹಾರುತ್ತಿತ್ತು. ಸುಟ್ಟ ಹಾಗೆ ಒಂಥರಾ ವಾಸನೆ ಬರುತ್ತಿತ್ತು.

ಪ್ರತಿ ವರ್ಷ ಸರಪಳಿ ದಿನ ಇಪ್ಪತ್ತೆರಡು ಮನೆಯವರೂ ಬೆಳಗ್ಗೆ ಎದ್ದು ಹೊಲಕ್ಕೆ ಹೋಗಿ ಮಣ್ಣು ತರಬೇಕು. ಅರಳಿ ಮರದ ಕೆಳಗೆ ಬಿಳಿ ಪಂಚೆ ಹಾಸಿರುತ್ತಾರೆ. ಕಾಲೊನಿಯ ಹಿರಿಯರಾದ ಮುನಿಗಂಗಪ್ಪ ತಾತ ಹಳೆಯ ಪಟ್ಟಿ ನೋಡಿ ಹೆಸರು ಕೂಗುತ್ತಾರೆ. ಮನೆಯ ಹಿರಿಯ ಹೆಂಗಸು ಎದ್ದು ಬಂದು ಪಂಚೆಯ ಮೇಲೆ ಒಂದು ಹಿಡಿ ಮಣ್ಣು ಗುಡ್ಡೆ ಮಾಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು: "ಇದು ನಮ್ಮ ಹೊಲದ ಮಣ್ಣು."

ಅಷ್ಟೇ. ಆಮೇಲೆ ಪಾಯಸ.

ಹೋದ ಮಳೆಗಾಲದಲ್ಲಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಒಳಗೆ ರಾಡ್ ಹಾಕಿದರು. ಆಗಿನಿಂದ ಅಜ್ಜಿ ಗೋಡೆ ಹಿಡಿದು ಬಾಗಿಲ ತನಕ ಬರುತ್ತಾಳೆ, ಅಷ್ಟೇ. ಕಣ್ಣಿಗೆ ಪೊರೆ ಬೇರೆ ಬಂದಿದೆ. ಹಾಗಾಗಿ ಈ ಸಲ ಹೊಲಕ್ಕೆ ಯಾರೂ ಹೋಗಲಿಲ್ಲ, ರಾಗಿಯನ್ನೂ ಹಾಕಲಿಲ್ಲ. ಅಪ್ಪ ಪಂಚಾಯ್ತಿಯ ವಾಟರ್‌ಮನ್. ಬೆಳಗ್ಗೆ ಸಂಜೆ ನೀರು ಬಿಡುವುದರಲ್ಲೇ ಅವನ ಹೊತ್ತು ಹೋಗುತ್ತಿತ್ತು.

"ಈ ಸಲ ತನು ತರ್ಲಿ ಮಣ್ಣು," ಒಂದು ವಾರದ ಹಿಂದೆ ಅಜ್ಜಿ ಹೇಳಿದ್ದಳು. "ಐದನೇ ಕ್ಲಾಸು. ಚೊಂಬು ಹೊರೋಕಾಗಲ್ವಾ?"

ಅಪ್ಪ ತಟ್ಟೆಯಿಂದ ತಲೆ ಎತ್ತಿರಲಿಲ್ಲ. "ನಾನೇ ತರ್ತೀನಿ ಬಿಡಮ್ಮ" ಅಂದಿದ್ದ.

"ನೀನು ಗಂಡಸು. ಹೆಣ್ಣು ಕೈಲಿ ತರ್ಬೇಕು. ಇಷ್ಟು ವರ್ಷ ನೋಡಿಲ್ವಾ?"

ಅಮ್ಮ ಕಲ್ಯಾಣಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು.

ಮಾರನೆಯ ದಿನ ತನುಜ ಸ್ಕೂಲಿನಲ್ಲಿ ಎಲ್ಲರಿಗೂ ಹೇಳಿದಳು. "ಈ ಸಲ ಚೈನ್ ಡೇಗೆ ನಮ್ಮನೆ ಮಣ್ಣು ನಾನೇ ತರೋದು."

ಸುನೀಲ್ ಪಕ್ಕದ ಬೆಂಚಿನಲ್ಲಿದ್ದ. ಮುನಿಗಂಗಪ್ಪ ತಾತನ ಮೊಮ್ಮಗ ಅವನು. "ಎಲ್ಲಿಂದ ತರ್ತೀಯೇ?" ಅಂತ ನಕ್ಕ.

"ನಮ್ಮ ಹೊಲದಿಂದ ಕಣೋ."

"ನಿಮ್ಮ ಹೊಲಕ್ಕೆ ಗೇಟ್ ಹಾಕವ್ರೆ. ನಾನು ಕುರಿ ಹೊಡ್ಕೊಂಡು ಹೋದಾಗ ನೋಡ್ದೆ. ದೊಡ್ಡ ಗೇಟು. ನಿನ್ನ ನೋಡಿ ವೆಲ್ಕಮ್ ಅಂತಾರಾ?"

"ಸುಳ್ಳ! ನಿಮ್ಮ ಹೊಲಕ್ಕೇ ಹಾಕಿರ್ತಾರೆ."

ಸುನೀಲನ ನಗು ನಿಂತುಹೋಯಿತು. ಅವನು ಅವಳ ಜಾಮಿಟ್ರಿ ಬಾಕ್ಸನ್ನು ಕೆಳಗೆ ತಳ್ಳಿದ. ಅವಳು ಅವನ ಕೂದಲು ಹಿಡಿದಳು. ಮಿಸ್ ಬಂದು ಇಬ್ಬರನ್ನೂ ಬಾಗಿಲ ಹೊರಗೆ ನಿಲ್ಲಿಸಿದರು.

ಸುಳ್ಳೇ ಇರಬೇಕು ಅಂತ ತನುಜ ಅಂದುಕೊಂಡಿದ್ದಳು. ಅದಕ್ಕೇ ಭಾನುವಾರ ಬೆಳಗ್ಗೆ ಅಪ್ಪ ನೀರು ಬಿಡಲು ಹೋದ ಕೂಡಲೇ ಯಾರಿಗೂ ಹೇಳದೆ ಚೊಂಬು ಹಿಡಿದು ಹೊರಟಳು.

ಹೈವೇ ದಾಟಿ, ನೀಲಗಿರಿ ತೋಪಿನ ಪಕ್ಕದ ದಾರಿ ಹಿಡಿದರೆ ಹೊಲ. ತೋಪು ಮುಗಿಯಿತು. ಅವಳು ನಿಂತಳು.

ಹೊಲ ಇದ್ದ ಕಡೆ ಬಯಲು ಚಪ್ಪಟೆಯಾಗಿತ್ತು. ಬದುಗಳಿರಲಿಲ್ಲ. ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆದಿದ್ದರು. ಎದುರಿಗೆ ಸುನೀಲ್ ಹೇಳಿದ ದೊಡ್ಡ ಗೇಟು. ಪಕ್ಕದಲ್ಲಿ ಹೊಸ ಬೋರ್ಡು. ಅದರಲ್ಲಿ ಹಸಿರು ಹುಲ್ಲು, ಕೆಂಪು ಹೆಂಚಿನ ಮನೆಗಳ ಚಿತ್ರ. "ವಿಮಾನ ನಿಲ್ದಾಣದಿಂದ ಕೇವಲ ಅರ್ಧ ಗಂಟೆ" ಅಂತ ಬರೆದಿತ್ತು. ಹೊಸ ಜಿಲ್ಲೆ ಆದ ಮೇಲೆ ಹೈವೇ ಪಕ್ಕದಲ್ಲಿ ಪೆರೇಸಂದ್ರದ ತನಕ ಇಂಥ ಬೋರ್ಡುಗಳು ಎದ್ದಿದ್ದವು. ಅವಳು ಬಸ್ಸಿನಲ್ಲಿ ಹೋಗುವಾಗ ಅವನ್ನು ಜೋರಾಗಿ ಓದುತ್ತಿದ್ದಳು. ಇದನ್ನು ಓದಲು ಬಾಯಿ ಬರಲಿಲ್ಲ.

ಹೊಂಗೆ ಮರ ಕಾಣಲಿಲ್ಲ. ಅದರ ಬೊಡ್ಡೆ ತಂತಿಯ ಪಕ್ಕ ಬೇರು ಮೇಲಾಗಿ ಬಿದ್ದಿತ್ತು.

ಬಿಳಿ ಕಲ್ಲಿನ ಗುಡ್ಡೆಯೂ ಇರಲಿಲ್ಲ.

"ಯಾರು ಪಾಪ ನೀನು? ಏನ್ ಬೇಕು?" ಗೇಟಿನ ಒಳಗಿಂದ ವಾಚ್‌ಮನ್ ಬಂದರು. ತಲೆಗೆ ಮಫ್ಲರ್ ಸುತ್ತಿದ್ದರು. ಕೈಯಲ್ಲಿ ಟೀ ಲೋಟ ಇತ್ತು.

"ನಮ್ಮ ಹೊಲಕ್ಕೆ ಹೋಗ್ಬೇಕು."

"ಇಲ್ಲಿ ಹೊಲ ಎಲ್ಲೈತೆ? ಎಲ್ಲಾ ಸೈಟು."

"ಒಂದು ಹಿಡಿ ಮಣ್ಣು ಸಾಕು ಅಂಕಲ್. ಇವತ್ತು ನಮ್ಮ ಕಾಲೊನಿಲಿ ಫಂಕ್ಷನ್."

"ಇವತ್ತು ಹಿಡಿ ಅಂತೀಯ. ನಾಳೆ ಟ್ರಾಕ್ಟ್ರು ತರ್ತೀರ. ಓನರ್ ನನ್ನ ಬೈತಾರೆ." ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದರು. "ತಗೊಂಡು ಏನ್ ಮಾಡ್ತೀಯಮ್ಮ? ಇದು ನಿಮ್ಮ ಮಣ್ಣಲ್ಲ. ನಿಮ್ಮದನ್ನ ಜೆಸಿಬಿಲಿ ಎತ್ತಿ ಎಲ್ಲಿಗೋ ಹೊಡ್ದುಬಿಟ್ರು. ಇದು ಲಾರೀಲಿ ತಂದು ಸುರಿದಿರೋದು."

ತನುಜ ತಲೆ ಬಗ್ಗಿಸಿದಳು. ಆಗ ಕಾಲ ಕೆಳಗಿನ ದಾರಿ ಕಾಣಿಸಿತು. ಗೇಟಿಗೆ ಹೋಗುವ ದಾರಿಗೆ ಜಲ್ಲಿ ಹಾಸಿದ್ದರು. ಬಿಳಿ ಜಲ್ಲಿ. ಅಜ್ಜಿಯ ಗುಡ್ಡೆಯ ಕಲ್ಲನ್ನೇ ಒಡೆದು ಹಾಸಿದ್ದರು.

ಅವಳು ಕುಳಿತು ಎರಡು ಚೂರು ಉಜ್ಜಿದಳು. ಮೂಗಿನ ಹತ್ತಿರ ಹಿಡಿದಳು. ಅದೇ ಸುಟ್ಟ ವಾಸನೆ.

ಒಂದು ಹಿಡಿ ಚೂರು ಆರಿಸಿ ಲಂಗಕ್ಕೆ ಕಟ್ಟಿಕೊಂಡಳು. ವಾಚ್‌ಮನ್ ನೋಡಿಯೂ ನೋಡದವರ ಹಾಗೆ ಟೀ ಕುಡಿಯುತ್ತಿದ್ದರು.

ಹಿಂದಿನಿಂದ ಟಿವಿಎಸ್ ಸದ್ದು ಕೇಳಿಸಿತು. ಅಪ್ಪ. ಬೈಯುತ್ತಾನೆ ಅಂದುಕೊಂಡಳು. ಅವನು ಬೈಯಲಿಲ್ಲ. ಗಾಡಿಯಿಂದ ಇಳಿಯಲೂ ಇಲ್ಲ.

"ಹತ್ತು" ಅಂದ.

ಕೆರೆ ಏರಿಯ ಪಕ್ಕ ಒಂದು ಕೆಮ್ಮಣ್ಣಿನ ದಿಬ್ಬ ಇತ್ತು. ಅಪ್ಪ ಅಲ್ಲಿ ಗಾಡಿ ನಿಲ್ಲಿಸಿ ಚೊಂಬಿಗೆ ಮಣ್ಣು ತುಂಬಿದ. ದಿಬ್ಬದಲ್ಲಿ ಆಗಲೇ ಯಾರೋ ಅಲ್ಲಲ್ಲಿ ಕೆದಕಿದ್ದರು. ಸಣ್ಣ ಸಣ್ಣ ಗುಳಿಗಳು. ಮಣ್ಣಿನ್ನೂ ಹಸಿಯಾಗಿತ್ತು. ನಾಯಿ ಕೆದಕಿರಬೇಕು ಅಂದುಕೊಂಡಳು ತನುಜ.

"ಯಾವಾಗಪ್ಪ ಮಾರಿದ್ದು?" ಅಂತ ಕೇಳಿದಳು.

ಅಪ್ಪ ಚೊಂಬು ಅವಳ ಕೈಗೆ ಕೊಟ್ಟ. "ಅಜ್ಜಿ ಆಸ್ಪತ್ರೇಲಿ ಇದ್ದಾಗ."

"ಅಜ್ಜಿಗೆ ಗೊತ್ತಾ?"

"ಹೇಳ್ಬೇಡ." ಕೈಗೆ ಮೆತ್ತಿದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ. "ಅಜ್ಜಿ ಮತ್ತೆ ಎದ್ದು ನಿಲ್ಬೇಕಾಗಿತ್ತು ಕಣಮ್ಮ. ಬೇರೆ ದಾರಿ ಇರ್ಲಿಲ್ಲ."

ಆಗ ತನುಜಳಿಗೆ ಒಂದು ನೆನಪಾಯಿತು. ಆಸ್ಪತ್ರೆಯ ಹಾಸಿಗೆಯ ಮೇಲೆ ಅಜ್ಜಿ ಮಲಗಿದ್ದಳು. ಅವಳ ಬಲಗೈ ಹೆಬ್ಬೆರಳಿಗೆ ನೀಲಿ ಇಂಕು ಮೆತ್ತಿತ್ತು. "ಏನಜ್ಜಿ ಇದು?" ಅಂದದ್ದಕ್ಕೆ, "ಆಸ್ಪತ್ರೆ ಕಾಗದಕ್ಕೆ ಹೆಬ್ಬೆಟ್ಟು ಹಾಕಿದ್ನಮ್ಮ. ನಿಮ್ಮಪ್ಪ ಹಾಕ್ಸಿದ" ಅಂದಿದ್ದಳು ಅಜ್ಜಿ. ಒದ್ದೆ ಬಟ್ಟೆ ತಂದು ಆ ಇಂಕನ್ನು ಒರೆಸಿದವಳು ತನುಜಳೇ. ಎಷ್ಟು ಉಜ್ಜಿದರೂ ಪೂರ್ತಿ ಹೋಗಿರಲಿಲ್ಲ.

ಅವಳು ಗಾಡಿಯ ಹಿಂದೆ ಚೊಂಬು ತಬ್ಬಿಕೊಂಡು ಕುಳಿತಳು. ಈ ಮಣ್ಣು ಅಜ್ಜಿಗೆ ನಮ್ಮದು ಅನ್ನಿಸಬೇಕು. ಹೇಗೆ? ಅಜ್ಜಿ ಕಣ್ಣಿನಲ್ಲಿ ನೋಡುವುದಿಲ್ಲ, ಕೈಯಲ್ಲಿ ನೋಡುತ್ತಾಳೆ. ಲಂಗದ ಗಂಟಿನಲ್ಲಿ ಬೆಣಚುಕಲ್ಲು ತೊಡೆಗೆ ಒತ್ತುತ್ತಿತ್ತು. ಬೆಣಚುಕಲ್ಲು ಹೊಲದ ಮಣ್ಣಿನಲ್ಲಿ ಬೆಣಚುಕಲ್ಲು ಇರಲೇಬೇಕಲ್ಲ. ಹಾಗಂತ ಹೊಳೆದಾಗ ಅವಳಿಗೆ ಸ್ವಲ್ಪ ಸಮಾಧಾನವಾಗಿತ್ತು.

ಅದಕ್ಕೇ ಈಗ ಹಿತ್ತಿಲಲ್ಲಿ ಕುಳಿತು ಒಂದೊಂದಾಗಿ ಬೆರೆಸುತ್ತಿದ್ದಳು.

ಹತ್ತು ಗಂಟೆಗೆ ಎಲ್ಲರೂ ಅರಳಿ ಮರದ ಕೆಳಗೆ ಸೇರಿದರು. ಮೇಜಿನ ಮೇಲೆ ಬುದ್ಧನ ಫೋಟೊ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ. ಎರಡಕ್ಕೂ ಸೇವಂತಿಗೆ ಹಾರ. ಅವುಗಳ ಮುಂದೆ ತಟ್ಟೆಯಲ್ಲಿ ಗೇಣುದ್ದದ ಒಂದು ಕಬ್ಬಿಣದ ತುಂಡು. ಅಳತೆಯ ದಿನ ಸರಪಳಿಯಿಂದ ಮುರಿದು ಬಿದ್ದ ಕೊಂಡಿ ಅದು. ಮುನಿಗಂಗಪ್ಪ ತಾತ ಅದನ್ನು ಬಟ್ಟೆಯಲ್ಲಿ ಸುತ್ತಿ ಕಾಪಾಡಿದ್ದರು.

ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಅಪ್ಪನೂ ಇನ್ನೊಬ್ಬರೂ ಎತ್ತಿಕೊಂಡು ಬಂದರು.

"ಏನಕ್ಕ, ಮೆರವಣಿಗೇಲಿ ಬಂದುಬಿಟ್ಟೆ!" ಪಕ್ಕದ ಮನೆಯ ಗಂಗುಲಮ್ಮಜ್ಜಿ ತಮಾಷೆ ಮಾಡಿದಳು.

"ನಿನಗೆ ಹೊಟ್ಟೆಕಿಚ್ಚಾದ್ರೆ ನೀನೂ ಕಾಲು ಮುರ್ಕೊ" ಅಂದಳು ಅಜ್ಜಿ. ಎಲ್ಲರೂ ನಕ್ಕರು. ನಗು ಬೇಗ ನಿಂತಿತು.

ಅಜ್ಜಿ ತನ್ನ ಒಳ್ಳೆಯ ಸೀರೆ ಉಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿಸಿಕೊಂಡಿದ್ದಳು. ಚೊಂಬು ತನುಜಳ ಕೈಯಲ್ಲಿತ್ತು. ಅದು ಬೆವರಿಗೆ ಜಾರುತ್ತಿತ್ತು. ಎದುರುಗಡೆ ಸುನೀಲ್ ನಿಂತಿದ್ದ. ಇವನು ಎಲ್ಲರೆದುರು ಕೂಗಿಬಿಟ್ಟರೆ? ಗೇಟ್ ಹಾಕವ್ರೆ ಅಂದುಬಿಟ್ಟರೆ?

"ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅಂದರು ಮುನಿಗಂಗಪ್ಪ ತಾತ. ಮೈಕ್ ಕುಯ್ ಅಂತು. ಅವರು ಪಟ್ಟಿ ಬಿಡಿಸಿದರು. ಕಾಗದ ಹಳೆಯದು. ಮಡಿಕೆಗಳಲ್ಲಿ ಹರಿದು, ಹಿಂದೆ ಪ್ಲಾಸ್ಟರ್ ಅಂಟಿಸಿದ್ದರು.

ಮೊದಲನೇ ಹೆಸರು ಕೂಗಿದರು. ಒಬ್ಬ ಹೆಂಗಸು ಎದ್ದು ಬಂದಳು. ಪಂಚೆಯ ಮೇಲೆ ಮಣ್ಣು ಹಾಕಿದಳು. "ಇದು ನಮ್ಮ ಹೊಲದ ಮಣ್ಣು" ಅಂತ ಬೇಗ ಬೇಗ ಹೇಳಿ ಹೋದಳು.

ಎರಡನೆಯದು. ಮೂರನೆಯದು.

ತನುಜ ಪಂಚೆಯನ್ನು ನೋಡುತ್ತಿದ್ದಳು. ಹೋದ ವರ್ಷದ ಪಂಚೆ ಅವಳಿಗೆ ನೆನಪಿತ್ತು. ಆಗ ಗುಡ್ಡೆಗಳೆಲ್ಲ ಬೇರೆ ಬೇರೆ ಬಣ್ಣ. ಹಳ್ಳದ ಪಕ್ಕದವರದು ಕಪ್ಪು. ಗಂಗುಲಮ್ಮಜ್ಜಿಯದು ಬೂದಿಯ ಹಾಗೆ. ಮುನಿಗಂಗಪ್ಪ ತಾತನ ಮನೆಯದು ಮರಳು ಮರಳು. ಅಂಗಡಿಯಲ್ಲಿ ಸಾಲಾಗಿಟ್ಟ ಕಾಳುಗಳ ಹಾಗೆ ಕಾಣುತ್ತಿತ್ತು.

ಈ ಸಲ ಮೊದಲ ಗುಡ್ಡೆ ಕೆಂಪು. ಎರಡನೆಯದೂ ಕೆಂಪು. ಮೂರನೆಯದೂ.

ನಾಲ್ಕನೆಯದು ಗಂಗುಲಮ್ಮಜ್ಜಿಯದು. ಅವಳು ಮುಷ್ಟಿ ಬಿಚ್ಚಿದಳು. ಕೆಂಪು. ಅವಳು ಯಾರ ಮುಖವನ್ನೂ ನೋಡದೆ ಹೇಳಿದಳು, "ಇದು ನಮ್ಮ ಹೊಲದ ಮಣ್ಣು."

ಐದನೆಯದು ಮುನಿಗಂಗಪ್ಪ ತಾತನ ಮನೆಯ ಹೆಸರೇ. ಸುನೀಲನ ಅಜ್ಜಿ ಬಂದಳು. ಅವಳ ಕೈಯಿಂದ ಸುರಿದದ್ದೂ ಅದೇ ಕೆಂಪು ಮಣ್ಣು.

ತನುಜ ಸುನೀಲನ ಕಡೆ ನೋಡಿದಳು. ಅವನು ತಲೆ ಬಗ್ಗಿಸಿ ಕಾಲಿನ ಹೆಬ್ಬೆರಳಿನಿಂದ ನೆಲ ಗೀಚುತ್ತಿದ್ದ. ಅವನ ಕಿವಿ ಕೆಂಪಾಗಿತ್ತು.

ಕೆರೆ ದಿಬ್ಬದ ಸಣ್ಣ ಸಣ್ಣ ಗುಳಿಗಳು ನೆನಪಾದವು. ಅದು ನಾಯಿ ಕೆದಕಿದ್ದಲ್ಲ.

ಅವಳು ಸುತ್ತ ನೋಡಿದಳು. ದೊಡ್ಡವರೆಲ್ಲ ಬೇರೆಲ್ಲೋ ನೋಡುತ್ತಿದ್ದರು. ಒಬ್ಬರು ಫೋಟೊ. ಒಬ್ಬರು ಮೈಕಿನ ವೈರು. ಒಬ್ಬರು ಅರಳಿ ಎಲೆ. ಪಂಚೆಯನ್ನು ಮಾತ್ರ ಯಾರೂ ನೋಡುತ್ತಿರಲಿಲ್ಲ. ಆರನೆಯ ಮನೆಯವರು ಬಂದು ಹೋದರು. ಅದೂ ಕೆಂಪು.

"ಏಳನೇ ತುಂಡು. ಮುನಿಶಾಮಮ್ಮ."

ಅಪ್ಪ ಕುರ್ಚಿಯನ್ನು ಪಂಚೆಯ ಪಕ್ಕಕ್ಕೆ ಎಳೆದ. ತನುಜ ಚೊಂಬನ್ನು ಅಜ್ಜಿಯ ಮಡಿಲಿನಲ್ಲಿಟ್ಟಳು. ಅಜ್ಜಿ ಚೊಂಬಿನೊಳಗೆ ಕೈ ಹಾಕಿದಳು.

ಕೈ ಅಲ್ಲೇ ನಿಂತಿತು.

ಮೆಲ್ಲಗೆ ಅವಳ ಬೆರಳುಗಳು ಮಣ್ಣಿನೊಳಗೆ ಹುಡುಕಿದವು. ಒಂದು ಚೂರು ಹೊರಗೆ ಬಂತು. ಹೆಬ್ಬೆರಳಿನಿಂದ ಅದರ ಅಂಚು ಸವರಿದಳು. ಇನ್ನೊಂದು ಚೂರು ಬಂತು. ಎರಡನ್ನೂ ಒಂದಕ್ಕೊಂದು ಉಜ್ಜಿ ಮೂಗಿನ ಹತ್ತಿರ ಹಿಡಿದಳು.

ಹೇಗಿದೆ ನೋಡಜ್ಜಿ, ನಮ್ಮ ಹೊಲದ್ದೇ, ಅಂತ ತನುಜ ಮನಸ್ಸಿನಲ್ಲೇ ಅಂದಳು. ಆದರೆ ಅಜ್ಜಿಯ ಮುಖ ಅರಳಲಿಲ್ಲ.

"ನಾನು ಒಂದೂ ಬಿಟ್ಟಿರ್ಲಿಲ್ವಲ್ಲಮ್ಮ," ಅಜ್ಜಿ ಪಿಸುಗುಟ್ಟಿದಳು. ತನುಜಳಿಗೆ ಮಾತ್ರ ಕೇಳಿಸಿತು. "ಮೂರು ವರ್ಷ ಆರಿಸಿದೀನಿ. ಉಗುರು ಕಿತ್ತು ಬಂದಿದ್ವು. ಆ ಮಣ್ಣಲ್ಲಿ ಒಂದು ಕಲ್ಲೂ ಇರ್ಲಿಲ್ಲ. ಎಲ್ಲಾ ಗುಡ್ಡೇಲಿತ್ತು."

ಕತೆಯ ಆ ಭಾಗವನ್ನು ತನುಜ ಎಷ್ಟು ಸಲ ಕೇಳಿದ್ದಳು! ಕಿಡಿ ಹಾರುವ ಗುಡ್ಡೆ ನೆನಪಿತ್ತು. ಆ ಗುಡ್ಡೆ ಯಾಕೆ ಎದ್ದಿತು ಅನ್ನುವುದೇ ಮರೆತುಹೋಗಿತ್ತು.

ಅಜ್ಜಿ ಕುರ್ಚಿಯಿಂದ ಬಗ್ಗಿ ಪಂಚೆಗೆ ಕೈ ಚಾಚಿದಳು. ಆರನೇ ಗುಡ್ಡೆಯ ಮಣ್ಣು ಮುಟ್ಟಿದಳು. ಐದನೆಯದು ಮುಟ್ಟಿದಳು. ಆಮೇಲೆ ತನ್ನ ಚೊಂಬಿನ ಮಣ್ಣು. ಬೆರಳ ತುದಿಯಲ್ಲಿ ಹೊಸಕಿ ನೋಡಿದಳು.

ಮೈಕಿನ ಮುಂದೆ ಮುನಿಗಂಗಪ್ಪ ತಾತ ಕೆಮ್ಮಿದರು. "ಹೇಳಕ್ಕ" ಅಂದರು.

ಅಜ್ಜಿ ಕೈ ಹಿಂದಕ್ಕೆ ತೆಗೆದುಕೊಂಡಳು. ಅಂಗೈಯಲ್ಲಿ ಎರಡು ಬಿಳಿ ಚೂರು ಇಟ್ಟುಕೊಂಡು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇದು ನಮ್ಮ ಹೊಲದ ಕಲ್ಲು."

ಯಾರೂ ತಿದ್ದಲಿಲ್ಲ. ಗಂಗುಲಮ್ಮಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿ ಆ ಎರಡು ಚೂರನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಚೊಂಬಿನ ಮಣ್ಣನ್ನು ಪಂಚೆಯ ಮೇಲೆ ಹಾಕಲಿಲ್ಲ. ಹಾಗೆಯೇ ತನುಜಳ ಕೈಗೆ ಕೊಟ್ಟಳು.

ಮುನಿಗಂಗಪ್ಪ ತಾತ ಪಟ್ಟಿಯ ಮೇಲಿನ ಬೆರಳನ್ನು ಒಂದು ಸಾಲು ಕೆಳಗಿಳಿಸಿದರು. ಆಮೇಲೆ ಎಂಟನೇ ಹೆಸರು ಕೂಗಿದರು.

ಇಪ್ಪತ್ತೆರಡೂ ಹೆಸರು ಮುಗಿದವು. ನಡುವೆ ಎಲ್ಲೋ ಎರಡು ಗುಡ್ಡೆ ಕಪ್ಪು ಬಂದವು, ಒಂದು ಬೂದಿ ಬಣ್ಣದ್ದು ಬಂತು. ಮಿಕ್ಕದ್ದೆಲ್ಲ ಕೆರೆ ದಿಬ್ಬದ್ದೇ. ಏಳನೆಯ ಜಾಗ ಬಿಳಿಯಾಗಿ ಖಾಲಿ ಉಳಿದಿತ್ತು.

ಪಾಯಸ ಬಡಿಸುವಾಗ ಸುನೀಲ್ ಬಂದು ತನುಜಳ ಪಕ್ಕ ಕುಳಿತ. ಅವನ ಎಲೆಯಲ್ಲಿ ಪಾಯಸ ಹಾಗೇ ಇತ್ತು.

"ನಮ್ಮದು ದೀಪಾವಳಿಗೂ ಮುಂಚೇನೇ ಹೋಯ್ತು ಕಣೇ," ಅಂದ ಮೆಲ್ಲಗೆ. "ಅವತ್ತು ನಿನಗೆ ಹಾಗೆ ಅನ್ಬಾರ್ದಾಗಿತ್ತು."

"ತಿನ್ನೋ. ತಣ್ಣಗಾಗ್ತದೆ" ಅಂದಳು ತನುಜ. ಅವಳಿಗೂ ಸೇರಲಿಲ್ಲ.

ಮಧ್ಯಾಹ್ನ ಮನೆಗೆ ಬಂದರು. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕುಳಿತಳು. ಅಪ್ಪ ಎದುರಿಗೆ ಮೆಟ್ಟಿಲ ಮೇಲೆ ಕುಳಿತ. ಅಮ್ಮ ಬಾಗಿಲಿಗೆ ಒರಗಿ ನಿಂತಳು. ಸಂಜೆ ನೀರು ಬಿಡಲು ಇನ್ನೂ ಹೊತ್ತಿತ್ತು. ಆದರೂ ಅಪ್ಪ ಗಾಡಿಯ ಕೀ ಕೈಯಲ್ಲೇ ಹಿಡಿದಿದ್ದ.

ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಎರಡು ಚೂರನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಆಮೇಲೆ ಬಲಗೈ ಎತ್ತಿ ತನ್ನ ಹೆಬ್ಬೆರಳನ್ನು ಕಣ್ಣಿನ ಹತ್ತಿರಕ್ಕೆ ಹಿಡಿದಳು. ಪೊರೆ ಬಂದ ಕಣ್ಣಿಗೆ ಏನು ಕಂಡಿತೋ. ಎಡಗೈ ಬೆರಳಿನಿಂದ ಅದನ್ನು ಮೆಲ್ಲಗೆ ಉಜ್ಜಿದಳು. ಒರೆಸಿದಳು. ಮತ್ತೆ ಉಜ್ಜಿದಳು.

ಅಪ್ಪ ನೋಡಿದ.

ಅಜ್ಜಿ ಈಗ ಬೈಯುತ್ತಾಳೆ ಅಂದುಕೊಂಡಳು ತನುಜ. ಎದೆ ಬಡಿದುಕೊಂಡು ಅಳುತ್ತಾಳೆ ಅಂದುಕೊಂಡಳು. ಅಜ್ಜಿ ಏನೂ ಮಾಡಲಿಲ್ಲ. ರಾಡ್ ಹಾಕಿದ ಕಾಲನ್ನು ಒಮ್ಮೆ ಸವರಿಕೊಂಡಳು, ಅಷ್ಟೇ. ಆ ಕೈ ಕಾಲಿನ ಮೇಲೆಯೇ ನಿಂತುಬಿಟ್ಟಿತು.

ಅಜ್ಜಿಗೆ ಎಲ್ಲ ಗೊತ್ತಾಗಿದೆ. ಯಾವಾಗ, ಯಾಕೆ, ಯಾರು, ಎಲ್ಲವೂ. ಕೇಳಿ ತಿಳಿಯಬೇಕಾದ್ದು ಅವಳಿಗೆ ಇನ್ನೇನೂ ಉಳಿದಿಲ್ಲ. ತನುಜ ಹೋಗಿ ಅಜ್ಜಿಗೆ ಒರಗಿ ಕುಳಿತಳು. ಅಜ್ಜಿಯ ಸೀರೆಗೆ ಸುಟ್ಟ ಕಲ್ಲಿನ ವಾಸನೆ ಹತ್ತಿತ್ತು.

ಅಜ್ಜಿ ಎರಡು ಚೂರನ್ನೂ ಮತ್ತೆ ಸೆರಗಿಗೆ ಕಟ್ಟಿಕೊಂಡು ಮಾತಾಡಿದಳು. ದನಿ ಎಂದಿನ ಹಾಗೇ ಇತ್ತು. ಮೊಸರು ಕೇಳುವಾಗಲೂ ಅವಳು ಹಾಗೇ ಕೇಳುತ್ತಿದ್ದಳು.

"ನರಸಿಂಹ, ನಾಳೆ ನನ್ನ ಗಾಡೀಲಿ ಕೂರ್ಸ್ಕೊಂಡು ಹೊಲದ ತನಕ ಕರ್ಕೊಂಡು ಹೋಗಪ್ಪ. ಒಳಕ್ಕೆ ಹೋಗೋದು ಬೇಡ. ಆ ತೋಪಿನ ಹತ್ರ ಸ್ವಲ್ಪ ಹೊತ್ತು ನಿಲ್ಸು, ಸಾಕು."

ಅಮ್ಮ ಅಪ್ಪನನ್ನು ನೋಡಿದಳು. ಅಪ್ಪ ಕೈಯಲ್ಲಿದ್ದ ಕೀ ನೋಡುತ್ತಿದ್ದ. ಅರಳಿ ಮರದ ಕೆಳಗೆ ಯಾರೋ ಮೈಕಿನ ವೈರು ಸುತ್ತುತ್ತಿದ್ದರು.

"ಹೋಗೋಣ್ವೇನಪ್ಪ?" ಅಂದಳು ಅಜ್ಜಿ.